ಮೂರು ಊರಿನ ಪಾಪನಿವೇದನೆ

ಒಂದು ಕಾಲದಲ್ಲಿ ನನ್ನ ವಾರ ಹೀಗಿತ್ತು. ಶನಿವಾರ ಸಂಜೆ ಮದ್ದೂರಿನ ಚರ್ಚಿನಲ್ಲಿ ಪಾಪನಿವೇದನೆ, ಮಂಗಳವಾರ ಮಂಡ್ಯದಲ್ಲಿ ಪಾಪನಿವೇದನೆ, ಶುಕ್ರವಾರ ಮಳವಳ್ಳಿಯಲ್ಲಿ ಪಾಪನಿವೇದನೆ. ಮೂರೂ ಕಡೆ ಹೇಳುತ್ತಿದ್ದದ್ದು ಒಂದೇ ಪಾಪ. ಕೊಲೆಯೋ ಕಳವೋ ಎಂದು ಆಸೆಯಿಂದ ಕಿವಿ ನಿಮಿರಿಸಿದವರಿಗೆ ಮೊದಲೇ ಹೇಳಿಬಿಡುತ್ತೇನೆ, ನಿರಾಸೆಯಾಗುತ್ತದೆ. ಮದ್ದೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ, ಜನರ ಬಾಯಲ್ಲಿ ಮೆಡಿಕಲ್ಲು. ಅಲ್ಲಿ ಕೂತು ಯಾರಿಗೋ ತಪ್ಪು ಮಾತ್ರೆ ಕೊಟ್ಟುಬಿಟ್ಟೆ ಎಂಬುದೇ ಆ ಪಾಪ. ನಿಜ ಹೇಳಬೇಕೆಂದರೆ ಕೊಟ್ಟಿರಲಿಲ್ಲ. ಕೊಟ್ಟೆನೇನೋ ಎಂದು ಎದೆ ಡವಡವ ಅನ್ನುತ್ತಿತ್ತು, ಆ ಡವಡವವನ್ನೇ ನಾನು ಆತ್ಮಸಾಕ್ಷಿ ಎಂದು ತಿಳಿದಿದ್ದೆ.

ಕ್ರೈಸ್ತರಲ್ಲದ ಓದುಗರಿಗಾಗಿ ಒಂದು ಮಾತು. ಪಾಪನಿವೇದನೆ ಎಂದರೆ ಮಾಡಿದ ತಪ್ಪನ್ನು ಜಾಲರಿಯ ಆಚೆ ಕೂತ ಗುರುಗಳ ಕಿವಿಗೆ ಹಾಕಿ ದೇವರ ಕ್ಷಮೆ ಪಡೆಯುವುದು. ಗುರುಗಳು ಅದನ್ನು ಪ್ರಾಣ ಹೋದರೂ ಇನ್ನೊಬ್ಬರಿಗೆ ಹೇಳುವಂತಿಲ್ಲ. ಹೊರಗೆ ನಾವೇ ಸಿಕ್ಕರೂ ಆ ಮಾತು ಎತ್ತುವಂತಿಲ್ಲ. ದೊಡ್ಡ ಪಾಪ ಮಾಡಿದವನು ಇದನ್ನು ಮುಗಿಸದೆ ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಹಂಚುವ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು ಸ್ವೀಕರಿಸಬಾರದು. ನಾನು ಹುಟ್ಟಿದ ಹಳ್ಳಿಯಲ್ಲಿ ಗೌಡರ ಮನೆಗಳ ನಡುವೆ ನಮ್ಮದು ಹದಿನೈದಿಪ್ಪತ್ತು ಮನೆ. ಅದೇ ರಾಗಿ, ಅದೇ ಕಬ್ಬು, ಅದೇ ಬೈಗುಳ, ಭಾನುವಾರ ಮಾತ್ರ ಬೇರೆ. ನಮ್ಮವ್ವ ಪಾಪನಿವೇದನೆ ಮುಗಿಸಿ ಬಂದ ದಿನ ಎಣ್ಣೆಸ್ನಾನ ಮಾಡಿದವಳಂತೆ ಹಗುರಾಗಿ ಓಡಾಡುತ್ತಿದ್ದಳು. ನನಗೂ ನಲವತ್ತರವರೆಗೆ ಹಾಗೇ ಇತ್ತು.

ಶುರುವಾದದ್ದು ವೈದ್ಯನಾಥಪುರದ ಒಬ್ಬ ಅಜ್ಜಿಯಿಂದ. ಅವರು ಪ್ರತಿ ತಿಂಗಳು ಸಕ್ಕರೆ ಕಾಯಿಲೆಯ ಮಾತ್ರೆ ಒಯ್ಯುತ್ತಿದ್ದರು. ಒಂದು ಮಧ್ಯಾಹ್ನ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದಾಗ, ಅಜ್ಜಿಗೆ ಕೊಟ್ಟದ್ದು ಐನೂರರ ಮಾತ್ರೆಯೋ ಸಾವಿರದ್ದೋ ಎಂಬ ಅನುಮಾನ ಬಂತು. ಮುದ್ದೆ ತಟ್ಟೆಯಲ್ಲೇ ಬಿಟ್ಟು ಸ್ಕೂಟರ್ ಹತ್ತಿದೆ. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮಾತ್ರೆ ನೋಡಿದೆ, ಸರಿಯಾಗಿಯೇ ಇತ್ತು. ಅಜ್ಜಿ ಕಾಫಿ ಕೊಟ್ಟರು, ಕುಡಿದು ಹೊರಟೆ. ಆಹಾ, ಆಗಿನ ನೆಮ್ಮದಿ ಏನು ಹೇಳಲಿ! ಅದು ಅಂಗಡಿಯ ಬಾಗಿಲು ಎತ್ತುವವರೆಗೆ ಬಾಳಿತು. ಬಾಗಿಲು ಎತ್ತುತ್ತಿದ್ದಂತೆ, ನಾನು ನೋಡಿದ್ದು ಈ ತಿಂಗಳ ಮಾತ್ರೆಯೋ ಹೋದ ತಿಂಗಳ ಮಿಕ್ಕ ಮಾತ್ರೆಯೋ ಅನ್ನಿಸಿತು. ಮತ್ತೆ ಸ್ಕೂಟರ್ ತಿರುಗಿಸಿದೆ. ಅಜ್ಜಿ ಮತ್ತೆ ಕಾಫಿ ಕೊಟ್ಟರು.

ಅಲ್ಲಿಂದ ಮುಂದೆ ನನ್ನ ಸ್ಕೂಟರಿಗೆ ಬಿಡುವಿಲ್ಲದಾಯಿತು. ಬೆಸಗರಹಳ್ಳಿಗೆ ಹೋದೆ, ಆತಗೂರಿಗೆ ಹೋದೆ, ಹೆಸರು ಗೊತ್ತಿಲ್ಲದ ಗಿರಾಕಿಯನ್ನು ಬಸ್ ಸ್ಟ್ಯಾಂಡಿನವರೆಗೆ ಓಡಿ ಹಿಡಿದು ಚೀಲ ಬಿಚ್ಚಿಸಿದೆ. ನಗು ಬರುವ ಸಂಗತಿ ಎಂದರೆ ಇದರಿಂದ ನನ್ನ ಹೆಸರು ಮೇಲೇರಿತು. ಮಾತ್ರೆ ಕೊಟ್ಟು ಸುಮ್ಮನಾಗುವುದಿಲ್ಲ, ಮನೆಗೇ ಬಂದು ವಿಚಾರಿಸಿಕೊಂಡು ಹೋಗುತ್ತಾನೆ, ಇಂಥ ದೇವರಂಥ ಮನುಷ್ಯ ಮದ್ದೂರಿನಲ್ಲಿ ಇನ್ನೊಬ್ಬನಿಲ್ಲ ಎಂದು ಹಳ್ಳಿಗಳಲ್ಲಿ ಮಾತಾಯಿತು. ಗಿರಾಕಿಗಳು ಹೆಚ್ಚಾದರು. ಗಿರಾಕಿ ಹೆಚ್ಚಾದಷ್ಟೂ ಭಯ ಹೆಚ್ಚಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯಿದೆ. ನನ್ನನ್ನು ಯಾರೂ ಕಳ್ಳ ಎಂದಿರಲಿಲ್ಲ, ನಾನು ದಿನವಿಡೀ ಹೆಗಲು ಒರೆಸಿಕೊಳ್ಳುತ್ತಿದ್ದೆ.

ಅಷ್ಟೂ ಮನೆಗಳಿಗೆ ಹೋಗಿ ನೋಡುವುದು ಆಗದ ಮಾತು. ನೋಡಲಾಗದೆ ಉಳಿದದ್ದನ್ನು ದೇವರಿಗೆ ಒಪ್ಪಿಸೋಣ ಎಂದು ಪಾಪನಿವೇದನೆಗೆ ಹೋದೆ. ನಮ್ಮ ಮದ್ದೂರಿನ ಗುರುಗಳು ಸಮಾಧಾನದಿಂದ ಕೇಳಿ ಕ್ಷಮೆಯ ಮಂತ್ರ ಹೇಳಿದರು. ಚರ್ಚಿನ ಮೆಟ್ಟಿಲು ಇಳಿಯುವಾಗ, ಪೂರ್ತಿ ಹೇಳಿದೆನೋ ಅರ್ಧ ನುಂಗಿದೆನೋ ಅನ್ನಿಸಿ ಹಿಂದಕ್ಕೆ ಹೋದೆ. ಎರಡನೇ ಸಲ ಅವರು ನಕ್ಕು ಕಳಿಸಿದರು. ನಾಲ್ಕನೇ ವಾರಕ್ಕೆ ಅವರ ದನಿ ಸ್ವಲ್ಪ ಬದಲಾದಂತೆ ಕಂಡಿತು. ನಾಚಿಕೆಯಾಗಿ ಮಂಡ್ಯದ ಬಸ್ ಹತ್ತಿದೆ. ಅಲ್ಲಿಯೂ ಗುರುತು ಸಿಗುವಂತಾದಾಗ ಮಳವಳ್ಳಿ ಬಸ್ ಹತ್ತಿದೆ. ಮನೆಯಲ್ಲಿ ಹೋಲ್‌ಸೇಲ್ ಅಂಗಡಿಗೆ ಹೋಗುತ್ತೇನೆ ಎಂದು ಸುಳ್ಳು ಹೇಳುತ್ತಿದ್ದೆ. ಆ ಸುಳ್ಳೂ ಪಾಪವಾದ್ದರಿಂದ ಅದನ್ನೂ ಸೇರಿಸಿ ಹೇಳಬೇಕಾಗುತ್ತಿತ್ತು.

ಹೆಂಡತಿಗೆ ಅನುಮಾನ ಬರದೆ ಇರುತ್ತದೆಯೆ? ಒಂದು ಶುಕ್ರವಾರ ನಾನು ಶರ್ಟು ಇಸ್ತ್ರಿ ಮಾಡಿಕೊಳ್ಳುತ್ತಿದ್ದಾಗ ಬಾಗಿಲಿಗೆ ಒರಗಿ ನಿಂತಳು.

"ಮಳವಳ್ಳೀಲಿ ಯಾರವ್ರೆ ಅಂತ ಏಳ್ಬುಡಿ. ನಾನೇನ್ ಅಳಕ್ಕಿಲ್ಲ."

ಅಲ್ಲಿ ದೇವರಿದ್ದಾನೆ ಎಂದು ಹೇಳಿದ್ದರೆ ನಂಬುತ್ತಿದ್ದಳೋ ಇಲ್ಲವೋ. ಇಸ್ತ್ರಿ ಮುಗಿಸಿ ಬಸ್ಸಿಗೆ ಹೊರಟೆ. ಅವಳು ಮೂರು ದಿನ ಮಾತು ಬಿಟ್ಟಳು.

ಇಷ್ಟೆಲ್ಲ ಮಾಡಿಯೂ ಪರಮಪ್ರಸಾದದ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ. ಪಾಪ ಹೊತ್ತುಕೊಂಡು ಅದನ್ನು ಸ್ವೀಕರಿಸಿದರೆ ಇನ್ನೂ ದೊಡ್ಡ ಪಾಪ ಎಂದು ಹೆದರಿ, ಭಾನುವಾರದ ಪೂಜೆಗೆ ಬೇಕೆಂದೇ ತಡವಾಗಿ ಹೋಗಿ ಬಾಗಿಲ ಬಳಿ ನಿಲ್ಲುತ್ತಿದ್ದೆ. ಎಲ್ಲರೂ ಸಾಲಾಗಿ ಮುಂದಕ್ಕೆ ಹೋಗುವಾಗ ನಾನು ಚಪ್ಪಲಿಗಳನ್ನು ನೋಡುತ್ತಾ ನಿಂತಿರುತ್ತಿದ್ದೆ. ಹೀಗೆ ನಿಂತದ್ದು ಸುಮಾರು ಎರಡು ವರ್ಷ. ಹಸಿವಾಗಿದ್ದವನು ಅಡುಗೆಮನೆಯ ಹೊಸಿಲಲ್ಲಿ ನಿಂತು ವಾಸನೆ ಕುಡಿದಂತೆ.

ಸಿಕ್ಕಿಬಿದ್ದದ್ದು ಮೊದಲ ವರ್ಷದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸದ ಕಾಲದಲ್ಲಿ. ಆಗ ಪಾಪನಿವೇದನೆಗೆ ಜನ ಜಾಸ್ತಿ. ಅಕ್ಕಪಕ್ಕದ ಊರುಗಳ ಗುರುಗಳು ಒಬ್ಬರಿಗೊಬ್ಬರು ನೆರವಿಗೆ ಹೋಗುವುದು ವಾಡಿಕೆ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ನನ್ನ ತಲೆಯಿಂದ ಹಾರಿಹೋಗಿತ್ತು. ಮಳವಳ್ಳಿಯ ಚರ್ಚಿನಲ್ಲಿ ಮಂಡಿಯೂರಿ ನನ್ನ ಹಳೆಯ ಕಥೆ ಶುರು ಮಾಡಿದೆ. ಅರ್ಧಕ್ಕೆ ಬಂದಾಗ ಜಾಲರಿಯ ಆಚೆಯಿಂದ ಒಂದು ಕೆಮ್ಮು ಬಂತು. ಆ ಕೆಮ್ಮಿಗೆ ಟಾನಿಕ್ ಕೊಟ್ಟವನು ನಾನೇ! ಮದ್ದೂರಿನ ನಮ್ಮ ಗುರುಗಳೇ ಅಲ್ಲಿ ಕೂತಿದ್ದರು. ಎದ್ದು ಓಡಿಹೋಗುವುದೂ ಪಾಪವೋ ಏನೋ ಎಂದು ಅಲ್ಲೇ ಕೂತೆ.

"ಇದನ್ನ ಎಷ್ಟು ಚರ್ಚಲ್ಲಿ ಹೇಳಿದ್ದೀಯಪ್ಪಾ?" ಎಂದು ಕೇಳಿದರು.

"ಮೂರು ಕಡೆ, ಸ್ವಾಮಿ."

"ದೇವರು ಒಬ್ಬನೇ ತಾನೆ? ಮೊದಲ ಸಲವೇ ಕೇಳಿಸಿಕೊಂಡಿದ್ದಾನೆ. ನಿನಗೀಗ ಬೇಕಾಗಿರೋದು ಕ್ಷಮೆ ಅಲ್ಲಪ್ಪಾ, ಚಿಕಿತ್ಸೆ. ಮನಸ್ಸಿನ ವಿಷಯ ಓದಿಕೊಂಡವರ ಹತ್ತಿರ ಹೋಗು. ಇದೇ ನಿನ್ನ ಪ್ರಾಯಶ್ಚಿತ್ತ."

ಹತ್ತು ಜಪಸರ ಹೇಳು ಎಂದಿದ್ದರೆ ಇಪ್ಪತ್ತು ಹೇಳುತ್ತಿದ್ದೆ. ಇದನ್ನು ಕೇಳಿ ನನಗೆ ಬೆಂಕಿಯಂಥ ಸಿಟ್ಟು ಬಂತು. ಮದ್ದೂರಿನವರೆಗೂ ಬಸ್ಸಿನಲ್ಲಿ ಮನಸ್ಸಿನಲ್ಲೇ ಅವರಿಗೆ ಬೈದೆ. ನನ್ನನ್ನು ಹುಚ್ಚ ಎಂದು ಕರೆದರಲ್ಲ, ಇಷ್ಟೊಂದು ದೇವಭಯ ಇರುವ ಭಕ್ತ ಇವರಿಗೆ ಈ ತಾಲ್ಲೂಕಿನಲ್ಲಿ ಸಿಗುತ್ತಾನಾ ಎಂದು. ಮುಂದಿನ ವಾರ ಅವರು ಬಿಪಿ ಮಾತ್ರೆಗೆ ಅಂಗಡಿಗೆ ಬಂದರು. ಏನಾದರೂ ಅಂದೇ ಅನ್ನುತ್ತಾರೆ ಎಂದು ಉಸಿರು ಹಿಡಿದು ನಿಂತೆ. ಮೋಡ ಆಗಿದೆ, ಮಳೆ ಬರಬಹುದು ಎಂದಷ್ಟೇ ಹೇಳಿ ಹೋದರು. ನಿಯಮ ಪಾಲಿಸುವ ಮನುಷ್ಯ. ಆ ಮೌನಕ್ಕೂ ನಾನು ಸಿಟ್ಟಾದೆ. ಅವರ ಮಾತಿನಂತೆ ಎಲ್ಲಿಗೂ ಹೋಗಲಿಲ್ಲ.

ಹೋಗುವಂತೆ ಮಾಡಿದವಳು ನನ್ನ ಮಗಳು.

ಅವಳಿಗೆ ಆಗ ಒಂಬತ್ತು ವರ್ಷ. ಮುಂದಿನ ಈಸ್ಟರ್ ಕಳೆದ ಮೇಲೆ ಮೊದಲ ಪರಮಪ್ರಸಾದ ಸ್ವೀಕರಿಸುವ ಮಕ್ಕಳಲ್ಲಿ ಅವಳೂ ಒಬ್ಬಳು. ಅದಕ್ಕಾಗಿ ಭಾನುವಾರದ ತರಗತಿ ನಡೆಯುತ್ತಿತ್ತು. ಮೊದಲ ಪಾಪನಿವೇದನೆಗೆ ಮುಂಚೆ ಮಾಡಿದ ತಪ್ಪುಗಳನ್ನು ನೆನಪು ಮಾಡಿಕೊಳ್ಳಿ ಎಂದು ಅಲ್ಲಿನ ಸಿಸ್ಟರ್ ಹೇಳಿದ್ದರಂತೆ. ಉಳಿದ ಮಕ್ಕಳು ಮೂರೋ ನಾಲ್ಕೋ ತಪ್ಪು ನೆನಪಿಟ್ಟುಕೊಂಡರೆ ಇವಳು ನೋಟ್‌ಬುಕ್ಕಿನ ಎಂಟು ಪುಟ ತುಂಬಿಸಿದ್ದಳು. ಒಂದು ಮಧ್ಯಾಹ್ನ ಊಟ ಬಿಟ್ಟು ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದಳು. ಅವಳು ಬರೆದದ್ದು ಹೀಗಿತ್ತು. ಪೂಜೆಯಲ್ಲಿ ಆಕಳಿಸಿದೆ. ಆಕಳಿಕೆ ಪಾಪ ಹೌದೋ ಅಲ್ಲವೋ ಗೊತ್ತಿಲ್ಲ, ಆದರೂ ಬರೆದಿದ್ದೇನೆ. ನಡೆಯುವಾಗ ಇರುವೆ ಕಾಲಿಗೆ ಸಿಕ್ಕಿರಬಹುದು. ಗೆಳತಿಗೆ ಬಿದ್ದ ಏಟಿಗೆ ನನಗೆ ಖುಷಿ ಆಗಿರಬಹುದು. ಪುಟದ ತುಂಬ ಇರಬಹುದು, ಇರಬಹುದು. ಅದು ನನ್ನ ಮಾತು. ಮನೆಯಲ್ಲಿ ನಾನು ದಿನಕ್ಕೆ ನೂರು ಸಲ ಗೊಣಗುತ್ತಿದ್ದ ಮಾತು.

"ಅಪ್ಪಾ, ಇದ್ರಲ್ಲಿ ಒಂದ್ ಏಳೋದ್ ಮರ್ತೋದ್ರೆ ದೇವ್ರು ನನ್ನ ಬುಟ್ಬುಡ್ತಾನಾ?"

ಕೇಳಿದ ಮಗುವಿನ ತುಟಿ ಬಿಳಿಚಿಕೊಂಡಿತ್ತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುತ್ತಾರೆ. ಈ ಸೀರೆಯ ನೂಲು ತಾಯಿಯದಲ್ಲ, ನನ್ನದು. ನನ್ನ ಭಯ ನನ್ನನ್ನು ತಿನ್ನುವುದನ್ನು ನಾನು ಹೇಗೋ ಸಹಿಸಿಕೊಂಡಿದ್ದೆ. ಈಗ ಅದು ಅವಳ ತಟ್ಟೆಗೂ ಕೈ ಹಾಕಿತ್ತು. ಅವಳನ್ನು ಕೂರಿಸಿಕೊಂಡು ಏನೇನೋ ಸಮಾಧಾನ ಹೇಳಿದೆ. ಹೇಳಿದ ಒಂದು ಮಾತನ್ನೂ ನಾನೇ ನಂಬುವುದಿಲ್ಲ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು, ಮಕ್ಕಳಿಗೆ ಗೊತ್ತಾಗುತ್ತದೆ. ಅಂದು ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಮಳವಳ್ಳಿಯದೂ ಸೇರಿಸಿ. ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಬೇರೆ ಹೆಣ್ಣಿದ್ದಿದ್ದರೆ ಜಗಳ ಆಡಿ ಬಿಡಿಸಬಹುದಿತ್ತು, ಇದನ್ನು ಹೆಂಗೆ ಬಿಡಿಸಲಿ ಎಂದಳು.

ಮುಂದಿನ ಮಂಗಳವಾರ ಇಬ್ಬರೂ ಮಂಡ್ಯಕ್ಕೆ ಹೋದೆವು, ಈ ಸಲ ಚರ್ಚಿಗಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಮನಶ್ಶಾಸ್ತ್ರ ಓದಿದ ಒಬ್ಬ ಮೇಡಂ ಜನರನ್ನು ನೋಡುತ್ತಿದ್ದರು. ಹೊರಗಿನ ಬೆಂಚಿನಲ್ಲಿ ನನ್ನ ಅಂಗಡಿಯ ಒಬ್ಬ ಗಿರಾಕಿ ಕೂತಿದ್ದ. ಅವನು ನನ್ನನ್ನು ನೋಡಿಲ್ಲ, ನಾನು ಅವನನ್ನು ನೋಡಿಲ್ಲ ಎಂದು ಮೂರಡಿ ದೂರದಲ್ಲಿ ಕೂತೇ ಒಪ್ಪಂದವಾಯಿತು. ಮೇಡಂ ನನ್ನದೇ ವಯಸ್ಸಿನವರು, ಹಣೆಯಲ್ಲಿ ಕುಂಕುಮ, ಮಾತು ನಮ್ಮ ಜಿಲ್ಲೆಯ ನೇರ ಮಾತು. ಅವರಿಗೆ ಪಾಪನಿವೇದನೆ, ಪರಮಪ್ರಸಾದ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಪೂರ್ತಿ ಕೇಳಿ, ಇದು ಗೀಳು ಎಂಬ ಕಾಯಿಲೆ, ನಿಮ್ಮೊಬ್ಬರಿಗೇ ಬಂದದ್ದಲ್ಲ, ಇದಕ್ಕೆ ದಾರಿಯಿದೆ ಎಂದರು. ಚರ್ಚು ಬಿಡಬೇಕಾ ಎಂದು ನಾನು ಜಗಳಕ್ಕೆ ಸಿದ್ಧನಾಗಿಯೇ ಕೇಳಿದೆ.

"ಬಿಡಿ ಅಂತ ನಾನ್ಯಾಕೆ ಹೇಳ್ಲಿ? ಭಯ ಅನ್ನೋದು ನಿಮ್ಮ ಬಾಗಿಲಿಗೆ ಬಂದು ಬೊಗಳೋ ಬೀದಿನಾಯಿ ಕಣ್ರೀ. ಬೊಗಳಿದಾಗಲೆಲ್ಲ ನೀವು ಬಿಸ್ಕತ್ತು ಹಾಕ್ತಿದ್ದೀರಿ. ಸ್ಕೂಟರಲ್ಲಿ ಹೋಗಿ ನೋಡೋದು ಒಂದು ಬಿಸ್ಕತ್ತು, ಮಳವಳ್ಳಿಗೆ ಹೋಗೋದು ಇನ್ನೊಂದು. ಬಿಸ್ಕತ್ತು ನಿಲ್ಸಿ. ದೇವರನ್ನ ಬಿಡಬೇಡಿ."

ನನಗೆ ನಮ್ಮ ಗುರುಗಳ ನೆನಪಾಯಿತು. ಅವರು ಜಾಲರಿಯ ಹಿಂದೆ ಕೂತು ಎರಡೇ ನಿಮಿಷದಲ್ಲಿ ಹೇಳಿದ್ದೂ ಇದೇ. ಅವರ ಮಾತನ್ನು ಮೇಡಂಗೆ ಹೇಳಿದಾಗ, ಹಾಗಾದರೆ ಅವರನ್ನು ನಾನು ನೋಡಬೇಕಲ್ಲ ಎಂದರು. ಒಂದು ಭಾನುವಾರ ನಿಜವಾಗಿಯೂ ಮದ್ದೂರಿಗೆ ಬಂದರು. ನಾನೇ ಗುರುಗಳಿಗೆ, ಸ್ವಾಮಿ, ಇನ್ನು ನನ್ನ ವಿಷಯ ಬಾಯಿಬಿಟ್ಟು ಮಾತಾಡಬಹುದು ಎಂದು ಅನುಮತಿ ಕೊಟ್ಟೆ. ಮಳವಳ್ಳಿಯ ದಿನದಿಂದ ನನಗಾಗಿ ಪ್ರಾರ್ಥಿಸದೆ ಒಂದು ದಿನವೂ ಮಲಗಿಲ್ಲ ಎಂದು ಅವರು ಆಗ ಹೇಳಿದರು. ಬಸ್ಸಿನಲ್ಲಿ ಅವರಿಗೆ ಬೈದದ್ದೆಲ್ಲ ನೆನಪಾಗಿ ತಲೆ ತಗ್ಗಿಸಿದೆ. ಚರ್ಚಿನ ಆಫೀಸಿನಲ್ಲಿ ಟೀ ಕುಡಿಯುತ್ತಾ, ಕುಂಕುಮ ಇಟ್ಟ ಮೇಡಂ ಒಂದು ಕಡೆ, ನಿಲುವಂಗಿ ತೊಟ್ಟ ಗುರುಗಳು ಇನ್ನೊಂದು ಕಡೆ, ನಡುವೆ ನಾನು, ಮದುವೆ ಮಾತುಕತೆಗೆ ಕೂತವರಂತೆ ಕೂತು ನನ್ನ ಬದುಕಿಗೆ ಕಟ್ಟಳೆ ಬರೆದೆವು.

ಮಾತ್ರೆ ಕೊಡುವಾಗ ಚೀಟಿಯನ್ನು ಒಂದು ಸಲ ಗಿರಾಕಿಯ ಎದುರೇ ಜೋರಾಗಿ ಓದಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆಯಬೇಕು. ಅದು ಯಾವ ಔಷಧಿ ಅಂಗಡಿಯವನೂ ಮಾಡಬೇಕಾದ ಕೆಲಸ, ಅದರಲ್ಲಿ ರಿಯಾಯಿತಿ ಇಲ್ಲ. ಗಿರಾಕಿ ಮೆಟ್ಟಿಲಿಳಿದ ಮೇಲೆ ಹಿಂದೆ ಹೋಗಬಾರದು. ಪಾಪನಿವೇದನೆ ತಿಂಗಳಿಗೊಂದು ಸಲ, ಒಬ್ಬರೇ ಗುರುಗಳ ಹತ್ತಿರ. ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಪಾಪವೋ ಅಲ್ಲವೋ ಎಂದು ಅನುಮಾನ ಬಂದರೆ ಅದು ನಿನ್ನ ಪಾಲಿಗೆ ಪಾಪವಲ್ಲ, ಇದರ ಹೊಣೆ ನನ್ನದು ಎಂದರು ಗುರುಗಳು. ಇಷ್ಟಕ್ಕೂ ನಾನು ಹೂಂ ಅಂದೆ. ಕೊನೆಯದು, ಪ್ರತಿ ಭಾನುವಾರ ಪರಮಪ್ರಸಾದ ಸ್ವೀಕರಿಸಬೇಕು. ಅದೊಂದು ಮಾತ್ರ ಆಗುವುದಿಲ್ಲ ಎಂದೆ. ಗುರುಗಳು ಬಲವಂತ ಮಾಡಲಿಲ್ಲ. ಮಗಳ ದಿನದ ಹೊತ್ತಿಗೆ ನೋಡೋಣ ಎಂದರು. ನಮ್ಮ ಚರ್ಚಿನಲ್ಲಿ ಅಂದು ಅಪ್ಪ ಅವ್ವ ಮಗುವಿನ ಎರಡು ಪಕ್ಕ ನಡೆದು, ಮಗುವಿನ ಹಿಂದೆಯೇ ತಾವೂ ಸ್ವೀಕರಿಸುತ್ತಾರೆ. ಅಪ್ಪನೇ ಹಿಂದೆ ಸರಿದರೆ ಮಗು ಏನು ಕಲಿಯುತ್ತದೆ ಎಂದು ಮೇಡಂ ಕೇಳಿದರು.

ತೋರಿಸಿಕೊಳ್ಳಿ ಎಂದು ಮೇಡಂ ನನ್ನನ್ನು ಕಳಿಸಿದ ಒಬ್ಬ ಡಾಕ್ಟರು ಒಂದು ಮಾತ್ರೆಯನ್ನೂ ಬರೆದುಕೊಟ್ಟರು. ಅದು ನನ್ನ ಅಂಗಡಿಯ ಮೂರನೇ ಕಪಾಟಿನಲ್ಲಿಯೇ ಇತ್ತು. ಎಷ್ಟೋ ಜನರಿಗೆ ಇದರಲ್ಲಿ ನಾಚಿಕೆ ಏನಿಲ್ಲಮ್ಮ, ತಗೊಳ್ಳಿ ಎಂದು ಕೊಟ್ಟವನು, ನಾಚಿಕೊಂಡು ಮಂಡ್ಯದ ಬೇರೆ ಅಂಗಡಿಯಲ್ಲಿ ಕೊಂಡೆ.

ಮೊದಲ ಪರೀಕ್ಷೆ ಆತಗೂರಿನ ಒಬ್ಬ ರೈತನಿಂದ ಬಂತು. ಚೀಟಿ ಓದಿದೆ, ಬರೆದೆ, ಕೊಟ್ಟೆ, ಅವನು ಹೊರಟ. ಅವನ ಬೆನ್ನು ರಸ್ತೆಯ ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಕೈ ಬೆವರಿತು. ಭಯ ಬಂದಾಗ ಅದಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಚೀಟಿಯಲ್ಲಿ ಬರೆಯಿರಿ, ಬೇರೇನೂ ಮಾಡಬೇಡಿ ಎಂದಿದ್ದರು ಮೇಡಂ. ಒಂಬತ್ತು ಎಂದು ಬರೆದೆ. ಗಾಜಿನ ಕೌಂಟರನ್ನು ಹಿಡಿದು ನಿಂತೆ. ಹತ್ತು ನಿಮಿಷ ಕಳೆದರೂ ಒಂಬತ್ತೇ. ಅರ್ಧ ಗಂಟೆಗೆ ಏಳು. ಗಿರಾಕಿಗಳು ಬಂದರು, ಹೋದರು. ಮುಕ್ಕಾಲು ಗಂಟೆಯ ಮೇಲೆ ಯಾರೋ ಚಿಲ್ಲರೆಗಾಗಿ ತಕರಾರು ತೆಗೆದರು, ಅವರಿಗೆ ಚೆನ್ನಾಗಿ ಬೈದೆ. ಬೈದು ಮುಗಿಸಿ ನೋಡಿದರೆ ಭಯ ಮೂರಕ್ಕೆ ಇಳಿದಿತ್ತು. ನಾನು ಏನೂ ಮಾಡಿರಲಿಲ್ಲ, ತಾನಾಗಿಯೇ ಇಳಿದಿತ್ತು. ಆ ದಿನ ಅಂಗಡಿಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡು ದೇವರಿಗೆ ವಂದಿಸಿದೆ. ಎಷ್ಟೋ ತಿಂಗಳಿನಿಂದ ನಾನು ದೇವರ ಹತ್ತಿರ ಬರೀ ಕ್ಷಮೆ ಕೇಳಿದ್ದೆ, ಥ್ಯಾಂಕ್ಸ್ ಹೇಳಿರಲೇ ಇಲ್ಲ.

ಎಲ್ಲ ದಿನವೂ ಹಾಗೆ ಸುಲಭವಾಗಿರಲಿಲ್ಲ. ಎರಡು ಸಲ ಕಟ್ಟಳೆ ಮುರಿದು ಸ್ಕೂಟರ್ ಹತ್ತಿದೆ, ಒಂದು ಸಲ ಮಂಡ್ಯದ ಚರ್ಚಿನ ಗೇಟಿನವರೆಗೆ ಹೋಗಿ ವಾಪಸು ಬಂದೆ. ಮೇಡಂ ಬೈಯಲಿಲ್ಲ, ಬಿದ್ದದ್ದೂ ಲೆಕ್ಕಕ್ಕೆ ಬರುತ್ತದೆ, ಎದ್ದದ್ದೂ ಬರುತ್ತದೆ ಎಂದರು. ಮನೆಯಲ್ಲಿ ಜಪಸರ ಹೇಳುವಾಗ ಒಂದು ಪದ ತಪ್ಪಿದರೆ ಮೊದಲಿನಿಂದ ಶುರು ಮಾಡುವುದು ನನ್ನ ರೂಢಿಯಾಗಿತ್ತು, ಐವತ್ತು ಮಣಿಯ ಜಪ ಒಂದೊಂದು ದಿನ ಎರಡು ಗಂಟೆ ಹಿಡಿಯುತ್ತಿತ್ತು. ತಪ್ಪಿದರೂ ಮುಂದಕ್ಕೆ ಹೋಗಿ ಎಂದು ಮೇಡಂ ಹೇಳಿದರು. ಮಾತೆ ಮರಿಯಮ್ಮನವರು ತಾಯಿ ಕಣಪ್ಪಾ, ಪರೀಕ್ಷೆ ಪೇಪರ್ ತಿದ್ದೋ ಮೇಷ್ಟ್ರಲ್ಲ ಎಂದು ಗುರುಗಳೂ ಹೇಳಿದರು. ಮಗಳ ಜೊತೆ ಕೂತು ಹಾಗೇ ಜಪ ಮಾಡಲು ಶುರು ಮಾಡಿದೆ. ನನ್ನ ನಾಲಿಗೆ ತಪ್ಪಿದಾಗ ಅವಳು ಓರೆಗಣ್ಣಿನಲ್ಲಿ ನೋಡುವಳು. ನಾನು ನಿಲ್ಲಿಸದೆ ಮುಂದಿನ ಮಣಿಗೆ ಹೋಗುತ್ತಿದ್ದೆ. ಆ ಎಂಟು ಪುಟವನ್ನು ಗುರುಗಳು ಅವಳ ಕೈಯಲ್ಲೇ ಹರಿದುಹಾಕಿಸಿ, ನೆನಪಿಗೆ ಬಂದ ಮೂರು ಸಾಕು ಎಂದು ಕಳಿಸಿದರು. ಆದರೂ ಹೊಟ್ಟೆನೋವು ಎಂದು ಊಟ ಬಿಡುವುದು ಪೂರ್ತಿ ನಿಂತಿರಲಿಲ್ಲ.

ಈ ನಡುವೆ ವೈದ್ಯನಾಥಪುರದ ಅಜ್ಜಿ ಅಂಗಡಿಗೆ ಬಂದು ಬೇಜಾರಿನಿಂದ ಕೂತರು.

"ಯಾಕಪ್ಪಾ, ಮನೆ ಕಡೀಕ್ ಬರಾದೇ ಬುಟ್ಬುಟ್ಟೆ? ನಮ್ಮಿಂದ ಏನಾರ ತಪ್ಪಾಯ್ತಾ?"

ತಪ್ಪಾಯಿತಾ ಎಂಬ ಪ್ರಶ್ನೆ ಇನ್ನೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು. ಎಷ್ಟು ಸುಲಭದ ಉತ್ತರ ಅದಕ್ಕೆ! ನಿಮ್ಮಿಂದ ಏನೂ ತಪ್ಪಾಗಿಲ್ಲ ಅವ್ವ, ಕಾಫಿ ಜಾಸ್ತಿಯಾಗಿ ಡಾಕ್ಟರು ಬೇಡ ಎಂದಿದ್ದಾರೆ ಎಂದೆ. ಅದೊಂದು ಸುಳ್ಳು. ಅದನ್ನು ಮುಂದಿನ ತಿಂಗಳವರೆಗೂ ಹೊತ್ತುಕೊಂಡೇ ತಿರುಗಿದೆ.

ಈಸ್ಟರ್ ಕಳೆದು ಆ ಭಾನುವಾರ ಬಂತು. ಭಾನುವಾರಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ ಅಂಗಡಿ ತೆರೆಯುವುದು ನನ್ನ ಪದ್ಧತಿ. ಇನ್ನೇನು ಮುಚ್ಚಬೇಕು ಅನ್ನುವಾಗ ಬೆಸಗರಹಳ್ಳಿಯ ಒಬ್ಬ ತಂದೆ ಕೂಸಿನ ಜ್ವರದ ಸಿರಪ್ಪಿಗೆ ಬಂದ. ಚೀಟಿ ಓದಿದೆ, ಡಬ್ಬಿಯ ಮೇಲೆ ಎರಡೂವರೆ ಎಂಎಲ್ ಎಂದು ಬರೆದೆ, ಅವನ ಬಾಯಿಂದಲೂ ಹೇಳಿಸಿದೆ. ಅವನು ಬೈಕ್ ಹತ್ತಿ ಹೋದ. ನಾನು ಬಿಳಿ ಶರ್ಟು ಹಾಕಿಕೊಂಡು ಚರ್ಚಿಗೆ ಬಂದೆ. ಬಹಳ ದಿನಗಳ ಮೇಲೆ ಒಳಗೆ, ಮುಂದಿನಿಂದ ಮೂರನೇ ಬೆಂಚಿನಲ್ಲಿ ಕೂತೆ. ಮುಂದೆ ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ ತೊಟ್ಟ ಮಕ್ಕಳ ಸಾಲಿನಲ್ಲಿ ನನ್ನ ಮಗಳು.

ಗುರುಗಳ ಉಪದೇಶ ಮುಗಿಯುವವರೆಗೂ ಚೆನ್ನಾಗಿಯೇ ಇದ್ದೆ. ಆಮೇಲೆ ಬಂತು. ಬರೆದದ್ದು ಎರಡೂವರೆಯೋ, ಐದೋ? ಐದು ಕುಡಿಸಿದರೆ ಆ ಕೂಸಿಗೆ ಏನಾಗುತ್ತದೆ? ಒಂಬತ್ತೂ ಅಲ್ಲ, ಹತ್ತಕ್ಕೆ ಹತ್ತು. ಕಿವಿ ಗುಂಯ್‌ಗುಟ್ಟಿತು, ಜೇಬಿನಲ್ಲಿ ಸ್ಕೂಟರ್ ಕೀಲಿಯನ್ನು ಬೆರಳು ಹುಡುಕಿಕೊಂಡಿತು. ಈಗಲೇ ಎದ್ದರೆ ಬೆಸಗರಹಳ್ಳಿಗೆ ಹೋಗಿ ಮನೆ ವಿಚಾರಿಸಬಹುದು. ಪಾಪನಿವೇದನೆಗೆ ದಾರಿಯಿಲ್ಲ, ಗುರುಗಳು ಪೀಠದ ಮೇಲಿದ್ದಾರೆ. ಈ ಭಾರ ಹೊತ್ತುಕೊಂಡು ಪರಮಪ್ರಸಾದಕ್ಕೆ ಕೈ ಚಾಚುವುದು ಹೇಗೆ? ಹೆಂಡತಿ ನನ್ನ ಮೊಣಕೈ ಹಿಡಿದಳು.

ಪರಮಪ್ರಸಾದಕ್ಕೆ ಮುಂಚೆ ಇಡೀ ಸಭೆ ಒಟ್ಟಿಗೆ ಒಂದು ಮಾತು ಹೇಳುತ್ತದೆ. ಪ್ರಭುವೇ, ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯನಲ್ಲ, ಒಂದು ಮಾತು ಹೇಳಿ, ನಾನು ಗುಣವಾಗುತ್ತೇನೆ ಎಂಬ ಅರ್ಥದ ಮಾತು. ಅಂದು ಅದು ನನ್ನ ಸುತ್ತ ಎದ್ದಿತು. ಕಬ್ಬು ಕಡಿಯುವವರು, ಟೀಚರುಗಳು, ನಮ್ಮ ಸಿಸ್ಟರ್, ಪೀಠದ ಮೇಲಿನ ಗುರುಗಳು, ಎಲ್ಲರೂ ಯೋಗ್ಯನಲ್ಲ ಎಂದರು. ಹಾಗೆಂದ ಜನರೇ ಎದ್ದು ಸಾಲಿನಲ್ಲಿ ನಿಂತರು. ಎರಡು ವರ್ಷ ಬಾಗಿಲ ಬಳಿ ನಿಂತು ನಾನು ಅದರ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡಿದ್ದೆ.

ಮಗಳ ಸರದಿ ಬಂತು. ಹೆಂಡತಿ ಆ ಪಕ್ಕ, ನಾನು ಈ ಪಕ್ಕ ಹೋಗಿ ನಿಂತಾಗ ಮಗಳು ನನ್ನ ಶರ್ಟಿನ ತುದಿ ಎಳೆದಳು. ಮುಖ ಸಣ್ಣದಾಗಿತ್ತು.

"ಅಪ್ಪಾ, ಬೆಳಗ್ಗೆ ತಲೆ ಬಾಚುವಾಗ ಅವ್ವನ ಮ್ಯಾಲೆ ಮನಸ್ಸಲ್ಲೇ ಸಿಟ್ಕಂಡೆ. ಫಾದರ್‌ಗೆ ಏಳಿಲ್ಲ. ಈಗ ಓಗ್ಬೋದಾ?"

ಅವಳಿಗೆ ಹೋಗಬಹುದು ಎಂದು ಹೇಳಿ ನಾನು ನಿಲ್ಲುವಂತಿಲ್ಲ. ನಾನು ನಿಂತು ಅವಳನ್ನು ಕಳಿಸುವಂತಿಲ್ಲ. ಇಬ್ಬರಿಗೂ ಒಂದೇ ಉತ್ತರ ಬೇಕಿತ್ತು, ಅದೂ ಈಗಲೇ ಬೇಕಿತ್ತು.

"ಓಗ್ಬೋದು ಕಣವ್ವ."

"ನೀನು?"

"ನಂಗೂ ಭಯ ಆಯ್ತಾ ಐತೆ. ಆದ್ರೂ ಬತ್ತೀನಿ, ನಡಿ."

ನಡೆದೆವು. ಗುರುಗಳು ಅವಳ ಮುಂದೆ ಪ್ರಸಾದ ಎತ್ತಿ ಹಿಡಿದರು, ಅವಳು ಸಣ್ಣ ದನಿಯಲ್ಲಿ ಆಮೆನ್ ಎಂದು ಸ್ವೀಕರಿಸಿದಳು. ಆಮೇಲೆ ನನ್ನ ಮುಂದೆ ಎತ್ತಿ ಹಿಡಿದರು. ಎಲ್ಲವನ್ನೂ ಬಲ್ಲ ಅವರ ಮುಖದಲ್ಲಿ ಏನೂ ಕಾಣಲಿಲ್ಲ, ಉಳಿದವರಿಗೆ ಹೇಳಿದಂತೆಯೇ ಕ್ರಿಸ್ತರ ಶರೀರ ಎಂದರು. ನಾನು ಆಮೆನ್ ಎಂದೆ. ಮೆಲ್ಲಗೆ ಹೇಳಬೇಕೆಂದೇ ಬಾಯಿ ತೆರೆದಿದ್ದೆ. ಎರಡು ವರ್ಷದ್ದು ಒಟ್ಟಿಗೆ ಬಂತೇನೋ, ಇಡೀ ಚರ್ಚಿಗೆ ಕೇಳಿಸಿತು. ಮುಂದಿನ ಬೆಂಚಿನ ಹೆಂಗಸರು ತಲೆಯೆತ್ತಿ ನೋಡಿದರು.

ಜಾಗಕ್ಕೆ ಬಂದು ಮಂಡಿಯೂರಿದೆ. ಭಯ ಹೋಗಿರಲಿಲ್ಲ. ಎಂಟೋ ಒಂಬತ್ತೋ ಇತ್ತು. ಅದು ಇದ್ದುಕೊಂಡೇ ನನ್ನ ನಾಲಿಗೆಯ ಮೇಲೆ ಪ್ರಸಾದವೂ ಕರಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೆಸಗರಹಳ್ಳಿಗೆ ನಾನು ಹೋಗಲಿಲ್ಲ. ಮಕ್ಕಳ ಸಾಲಿಗೆ ಹೋಗದೆ ನನ್ನ ಜೊತೆಗೇ ಬಂದು ಪಕ್ಕದಲ್ಲಿ ಮಂಡಿಯೂರಿದ್ದ ಮಗಳು ಹೂವಿನ ಕಿರೀಟ ಸರಿಮಾಡಿಕೊಂಡು ನನ್ನ ಕಿವಿಗೆ ಬಾಗಿದಳು.

"ಯಾಕಪ್ಪಾ ಅಂಗ್ ಕೂಗ್ಕಂಡೆ? ಎಲ್ರೂ ನೋಡುದ್ರು. ನನ್ ಮಾನ ಓಯ್ತು."

ತಲೆಯೆತ್ತಿ ಅವಳ ಮುಖ ನೋಡಿದೆ. ನಾಚಿಕೆ ಇತ್ತು, ನನ್ನ ಮೇಲೆ ಸಿಟ್ಟಿತ್ತು, ತಡೆದುಕೊಂಡ ನಗು ಇತ್ತು. ಭಯ ಇರಲಿಲ್ಲ.